ಏಳನೇ ಕೊಪ್ಪರಿಗೆಯ ಕಾವಲುಗಾರ

ಹೊನ್ನತೊರೆಯ ನಾಲ್ಕೂ ಬಾಗಿಲಲ್ಲಿ ಡಂಗುರ ಹೊಡೆದರು. ಕಲಿದೇವರಾಯ ಅರಸರು ಮೂರು ಒಗಟು ಕೇಳುತ್ತಾರೆ, ಮೂರನ್ನೂ ಬಿಡಿಸಿದವನು ಬೇಡಿದ್ದು ಕೊಡುತ್ತಾರೆ, ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ ಎಂದು ಸಾರಿದರು. ಡಂಗುರದವನು ಕೊನೆಗೆ ಇನ್ನೊಂದು ಮಾತನ್ನೂ ಕೂಗಿದ. ಅರಮನೆಯ ಗಣಕದ ಪರದೆ ತೆರೆಯುವ ಅರಸರ ಗುಪ್ತಪದ ಅರಸರೊಬ್ಬರಿಗೇ ಗೊತ್ತು, ಮಡದಿಗೂ ಗೊತ್ತಿಲ್ಲ, ಯಾರೂ ಕದಿಯಲು ನೋಡಬೇಡಿ ಎಂದು.

ಅರಸನ ಸಂಪತ್ತೆಂದರೆ ಅವನ ಸಕ್ಕರೆ ಕಾರ್ಖಾನೆ. ಅದರ ಕೊಳವೆ ಕೊಪ್ಪರಿಗೆಗಳಲ್ಲಿ ಮುನ್ನೂರು ಮಾಪಕಗಳು ಕೂತು, ಎಷ್ಟು ಕಾದಿದೆ, ಎಷ್ಟು ತುಂಬಿದೆ ಎಂದು ಹೇಳುತ್ತಿದ್ದವು. ಅರಸ ಅರಮನೆಯಲ್ಲೇ ಪರದೆಯ ಮುಂದೆ ಕೂತು ಯಾವ ಮಾಪಕವನ್ನಾದರೂ ಮಾತಾಡಿಸಬಹುದು, ಅದರ ಅಳತೆಯನ್ನೇ ತಿದ್ದಬಹುದು. ಕಾರ್ಖಾನೆಯ ಒಂದಿಬ್ಬರು ಕೆಲಸಗಾರರಿಗೂ ಅವರವರ ಗುಪ್ತಪದದಲ್ಲಿ ಆ ಕೆಲಸ ಮಾಡುವ ಅಪ್ಪಣೆ ಇತ್ತು. ಆದರೆ ಅರಸನಿಗೆ ಯಾರನ್ನೂ ನಂಬಿ ಅಭ್ಯಾಸವಿಲ್ಲ. ಊಟಕ್ಕೆ ಕೂತರೂ ತುತ್ತಿಗೊಮ್ಮೆ ಪರದೆ ನೋಡುತ್ತಿದ್ದ.

ಹಿಂದಿನ ವಾರ ಏಳನೇ ಕೊಪ್ಪರಿಗೆ ಉಕ್ಕಿ, ಕುದಿಯುವ ಕಬ್ಬಿನ ಹಾಲು ನೆಲವೆಲ್ಲ ಹರಿದಿತ್ತು. ಕಾವಲಿದ್ದ ಅಮೋಗಿ ಕೂಗಿ ಜನರನ್ನು ಹೊರಗಟ್ಟಿ, ಬೆಂಕಿ ಎಳೆದು ಹಾಕಿದ್ದರಿಂದ ಯಾರೂ ಸಾಯಲಿಲ್ಲ. ಆದರೂ ಮಾಪಕ ಕೆಡಿಸಿದವನು ಇವನೇ ಎಂದು ಅರಸ ಅವನನ್ನು ಸೆರೆಗೆ ತಳ್ಳಿದ. ಬರುವ ಸಂತೆಯ ದಿನ ಶೂಲ.

ಅಮೋಗಿಯ ತಮ್ಮ ಮಾಳಿಂಗ ಊರೂರು ತಿರುಗಿ ಕಾರ್ಖಾನೆಗಳ ಮಾಪಕ ಸರಿಮಾಡುವವನು. ಸುದ್ದಿ ಕೇಳಿ ಮೂರು ದಿನ ನಡೆದು ಬಂದ. ಅರಮನೆಗೆ ಹೋಗುವ ಮೊದಲು ಏಳನೇ ಕೊಪ್ಪರಿಗೆಯ ಸುತ್ತ ಒಂದು ಸುತ್ತು ಹಾಕಿ, ಮಾಪಕದ ಕತ್ತನ್ನು ಕೈಯಿಂದ ಸವರಿ ನೋಡಿದ. ಅಲ್ಲಿ ಏನೂ ಕಟ್ಟಿರಲಿಲ್ಲ.

ಬಾಗಿಲಲ್ಲೇ ಮಂತ್ರಿ ನಾಗರಸ ಸಿಕ್ಕ. ಬೆನ್ನು ತಟ್ಟಿ, ಮಜ್ಜಿಗೆ ಕೊಡಿಸಿ, ಕಿವಿಯಲ್ಲಿ ಹೇಳಿದ: "ಮೂರನೆಯದಕ್ಕೆ ನಿಮ್ಮ ಅಣ್ಣನ ಹೆಸರು ಹೇಳಿಬಿಡು ತಮ್ಮಾ. ಅರಸರಿಗೆ ಬೇಕಾಗಿರೋದು ಅದೇ. ನೀನಾದರೂ ಉಳಿತೀಯ."

ಮಾಳಿಂಗ ಮಜ್ಜಿಗೆ ಕೆಳಗಿಟ್ಟ. ಹತ್ತೂರ ನೀರು ಕುಡಿದವನಿಗೆ ಬಿಟ್ಟಿ ಉತ್ತರ ಗಂಟಲಲ್ಲಿ ಇಳಿಯುವುದಿಲ್ಲ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಅರಸ ಮೊದಲ ಒಗಟು ಕೇಳಿದ: "ಒಂದೇ ಕೊಪ್ಪರಿಗೆಗೆ ಇಬ್ಬರು ಕಾವಲು. ಒಬ್ಬ ಅರ್ಧ ತುಂಬಿದೆ ಅಂತಾನೆ, ಇನ್ನೊಬ್ಬ ಪೂರ್ತಿ ತುಂಬಿದೆ ಅಂತಾನೆ. ಇಬ್ಬರೂ ಸುಳ್ಳರಲ್ಲ. ಹೇಗೆ?" ಆಸ್ಥಾನದ ಪಂಡಿತ ಅದು ಸೂರ್ಯ, ಚಂದ್ರ ಎಂದ. ಅವನನ್ನು ಸೆರೆಗೆ ಕರೆದೊಯ್ದರು. ಪಟ್ಟಣದ ಇಂಜಿನಿಯರ್ ಇಬ್ಬರಲ್ಲಿ ಒಬ್ಬ ಕೆಟ್ಟಿದ್ದಾನೆ, ಹೊಸಬನನ್ನು ತರಿಸಿ ಎಂದ. ಅವನೂ ಹೋದ.

ಮಾಳಿಂಗನ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಒಡೆಯಾ, ಆ ಇಬ್ಬರೂ ಮಾಪಕಗಳು. ಪೂರ್ತಿ ಅಂದರೆ ಎರಡು ಮೊಳ ಅಂತ ಒಬ್ಬನಿಗೆ ಕಲಿಸಿದ್ದಾರೆ, ಇನ್ನೊಬ್ಬನಿಗೆ ನಾಲ್ಕು ಮೊಳ. ಹಾಲು ನಿಂತಿರೋದು ಎರಡು ಮೊಳ. ತಪ್ಪು ಕಾವಲಿನವರದಲ್ಲ, ಕಲಿಸಿದವರದು."

ಅರಸ ಕಣ್ಣು ಕಿರಿದು ಮಾಡಿದ. ಉತ್ತರ ಯಾರು ಹೇಳಿಕೊಟ್ಟರು ಎಂದು ಕೇಳಿ ಸಭೆಯನ್ನೆಲ್ಲ ಒಮ್ಮೆ ನೋಡಿದ. ಎಲ್ಲರೂ ತಲೆ ತಗ್ಗಿಸಿದರು. ಆಮೇಲೆ ಎರಡನೆಯದು: "ಕೊಪ್ಪರಿಗೆ ಬರಿದಾದರೂ ತುಂಬಿ ಉಕ್ಕಿದರೂ ನೂರಕ್ಕೆ ನಲವತ್ತು ಅನ್ನುವ ಕಾವಲುಗಾರ. ಸತ್ತಿಲ್ಲ, ಕರೆದರೆ ಓ ಅಂತಾನೆ. ಅವನಿಗೇನಾಗಿದೆ?"

"ಅವನನ್ನು ಪರೀಕ್ಷೆಗೆ ಹಿಡಿದಿದ್ದಾರೆ. ಒಳಗೆ ಏನೇ ಇರಲಿ ನಲವತ್ತು ಅನ್ನು ಅಂದಿದ್ದಾರೆ, ಇನ್ನು ಸಾಕು ಅನ್ನೋದು ಮರೆತಿದ್ದಾರೆ. ಹೇಳಿದ ಮಾತು ಮೀರದ ಬಡಪಾಯಿ ಅವನು."

"ಹಾಗಾದರೆ ಮೂರನೆಯದು ಕೇಳು. ಕೊಪ್ಪರಿಗೆಯ ಹತ್ತಿರ ಹೊರಗಿನವರು ಯಾರೂ ಸುಳಿಯಲಿಲ್ಲ. ಅವನ ಬಾಯಿ ಕಟ್ಟಿದ ಕೈ ಯಾರದು?"

ನಾಗರಸ ಕೆಮ್ಮಿದ. ಮಾಳಿಂಗ ಅತ್ತ ನೋಡಲಿಲ್ಲ. ಅಣ್ಣನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿದರೆ ತಾನು ಬದುಕುತ್ತಿದ್ದ.

"ಅಣ್ಣನದಲ್ಲ. ಮಾಪಕವನ್ನು ಪರೀಕ್ಷೆಗೆ ಹಿಡಿದರೆ ನಮ್ಮ ಕಸುಬಿನವರು ಅದರ ಕತ್ತಿಗೆ ಕೆಂಪು ದಾರ ಕಟ್ಟುತ್ತೇವೆ, ಬಿಟ್ಟ ಮೇಲೆ ಬಿಚ್ಚುತ್ತೇವೆ. ಏಳನೆಯದು ಈಗಲೂ ನಲವತ್ತೇ ಅನ್ನುತ್ತಿದೆ, ಅದನ್ನಿನ್ನೂ ಬಿಟ್ಟಿಲ್ಲ, ಆದರೂ ದಾರವಿಲ್ಲ. ಅಂದರೆ ಕೈ ಬಂದದ್ದು ಪರದೆಯಿಂದ. ಯಾರು, ಯಾವ ಹೊತ್ತಿಗೆ, ಏನು ತಿದ್ದಿದರು ಅಂತ ಪರದೆ ತಾನೇ ಬರೆದಿಟ್ಟುಕೊಂಡಿರುತ್ತೆ. ಅದನ್ನು ಓದಿಸಿ ಒಡೆಯಾ."

"ಓದಿದ್ದೇನೆ," ಎಂದ ಅರಸ. "ಬೇರೆ ಯಾರ ಹೆಸರೂ ಇಲ್ಲ. ಅದಕ್ಕೇ ಅಮೋಗಿ ಹೆಸರು ಅಳಿಸಿದ್ದಾನೆ ಅಂತ ಗೊತ್ತಾದದ್ದು."

"ಆ ಬರಹ ಯಾರಿಗೂ ಅಳಿಸಲು ಬರೋದಿಲ್ಲ. ನಿಮ್ಮ ಹೆಸರಿನ ಸಾಲುಗಳನ್ನು ಓದಿದಿರಾ?"

ತನ್ನ ಹೆಸರಿನ ಸಾಲು ತಾನೇಕೆ ಓದಬೇಕೆಂದು ಅರಸ ಅವನ್ನು ಹಾರಿಸಿಯೇ ಓದಿದ್ದ. ಈಗ ಗುಪ್ತಪದ ಒತ್ತಿ, ಬೆರಳಿಟ್ಟು ಕೆಳಗಿಳಿದ. ಬೆರಳು ನಿಂತಿತು. ಏಳನೇ ಕೊಪ್ಪರಿಗೆ, ಪರೀಕ್ಷೆ, ನಲವತ್ತು. ಹೆಸರು ಕಲಿದೇವರಾಯ. ಹೊತ್ತು, ಮಧ್ಯಾಹ್ನದ ಊಟದ ಗಂಟೆಗೆ ಸ್ವಲ್ಪ ಮೊದಲು.

ಯಾರೋ ತನ್ನ ಗುಪ್ತಪದ ಕದ್ದಿದ್ದಾರೆ ಎನ್ನಲು ಅರಸ ಬಾಯಿ ತೆರೆದ. ತಾನೇ ಸಾರಿಸಿದ ಡಂಗುರ ನೆನಪಾಗಿ ಮುಚ್ಚಿಕೊಂಡ. ಆಮೇಲೆ ಉಳಿದದ್ದೂ ನೆನಪಾಯಿತು. ಅಮೋಗಿ ಮಾಪಕವನ್ನೇ ನಂಬಿ ತೂಕಡಿಸುತ್ತಾನೋ, ಕಣ್ಣಿಟ್ಟು ಕೊಪ್ಪರಿಗೆ ನೋಡುತ್ತಾನೋ ಎಂದು ಪರೀಕ್ಷಿಸಲು ತಾನೇ ನಲವತ್ತು ಅನ್ನಿಸಿದ್ದ. ಅಷ್ಟರಲ್ಲಿ ಊಟದ ಗಂಟೆ ಹೊಡೆದು, ಬಿಡಿಸುವುದು ಮರೆತೇ ಹೋಗಿತ್ತು.

"ಅವನು ಕಣ್ಣಿಟ್ಟು ನೋಡಿದ, ಒಡೆಯಾ," ಎಂದ ಮಾಳಿಂಗ ಮೆಲ್ಲಗೆ. "ಜನ ಉಳಿದದ್ದು ಅದಕ್ಕೇ."

ಅರಸ ಪರದೆಯಿಂದ ಬೆರಳು ತೆಗೆದ. ಏನು ಬೇಕೆಂದು ಕೇಳಿದ. ಮಾಳಿಂಗ ಅಣ್ಣನನ್ನು ಕೇಳಿದ, ಜೊತೆಗೆ ಪಂಡಿತನನ್ನೂ ಇಂಜಿನಿಯರನ್ನೂ. ಮೂವರೂ ಬೆಳಕಿಗೆ ಬಂದರು. ಕಾರ್ಖಾನೆಯ ಅಷ್ಟೂ ಮಾಪಕಗಳ ಯಜಮಾನಿಕೆಯನ್ನು ಅರಸ ತಾನಾಗಿ ಮುಂದಿಟ್ಟ. ಮಾಳಿಂಗ ಅದನ್ನು ಅಣ್ಣನಿಗೆ ಕೊಡಿಸಿ, ತನಗೆ ದಾರಿ ಸವೆಸಲು ಒಂದು ಜೊತೆ ಮೆಟ್ಟು ಇಸಕೊಂಡ.

ಹೊರಡುವ ಮುನ್ನ ಜೇಬಿನಿಂದ ಒಂದು ಎಳೆ ಕೆಂಪು ದಾರ ತೆಗೆದು ಅರಸನ ಮುಂದಿಟ್ಟ. ಇಂದಿಗೂ ಹೊನ್ನತೊರೆಯ ಅರಸ ಮಾಪಕವನ್ನು ಪರೀಕ್ಷೆಗೆ ಹಿಡಿದರೆ ಮೊದಲು ತನ್ನ ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುತ್ತಾನೆ. ಅದನ್ನು ಬಿಚ್ಚುವ ತನಕ ಅವನ ಎಲೆಗೆ ಅನ್ನ ಬೀಳುವುದಿಲ್ಲ.