ನೀಲಿ ಹನಿಗೆ ಪ್ರವೇಶವಿಲ್ಲ

ಇಲಿಯ ತಲೆಯೊಳಗೆ ನಿದ್ದೆಯ ರಸ ತಯಾರಿಸುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ. ಅದರ ಬಾಗಿಲಲ್ಲಿ ಅಣ್ಣ ತಮ್ಮ ಎಂಬ ಎರಡು ಜೀವಕೋಶಗಳು ಹೆಗಲಿಗೆ ಹೆಗಲು ಬೆಸೆದುಕೊಂಡು ಕಾವಲು ನಿಂತಿದ್ದವು. ಒಂದು ದಿನ, ಪ್ರಯೋಗಕ್ಕೆಂದು ಇಲಿಯ ರಕ್ತಕ್ಕೆ ಚುಚ್ಚಿದ್ದ ನೀಲಿ ಬಣ್ಣದ ಹನಿಯೊಂದು ಹಿಂದಿನಿಂದ ಬಂದು ಅಣ್ಣನ ಬೆನ್ನು ತಟ್ಟಿತು.

“ಸ್ವಾಮಿ, ಇಲ್ಲಿ ನಿದ್ದೆಯ ರಸ ಎಲ್ಲಿ ಸಿಗುತ್ತದೆ?”

ಅಣ್ಣ ಬೆಚ್ಚಿಬಿದ್ದ. “ನೀವು ಒಳಗೆ ಬಂದದ್ದು ಹೇಗೆ? ನಮ್ಮ ನಡುವೆ ಉಸಿರೂ ನುಸುಳುವುದಿಲ್ಲ!”

“ನಿಮ್ಮ ನಡುವೆ ಅಲ್ಲ ಸ್ವಾಮಿ. ಆಚೆ ಬದಿಯಲ್ಲಿ ನಿಮ್ಮ ನೆಂಟರು ದೂರ ದೂರ ನಿಂತಿದ್ದಾರೆ. ಆ ಸಂದಿಯಲ್ಲಿ ಬಂದೆ.”

“ಅಣ್ಣಾ, ಸಂದಿ ಮುಚ್ಚೋಣವೇ?” ಎಂದ ತಮ್ಮ.

“ಅದು ನಮ್ಮ ಸರಹದ್ದಲ್ಲ, ಸುಮ್ಮನಿರು. ಹನಿಯವರೇ, ನಮ್ಮ ವಂಶದ ಮಾನ ಉಳಿಸಿ. ಬಂದ ದಾರಿಯಲ್ಲೇ ಹೊರಗೆ ಹೋಗಿ, ಮುಂದಿನಿಂದ ಬನ್ನಿ. ನಾನು ನಿಮ್ಮನ್ನು ತಡೆಯಬೇಕು.”

ಹನಿ ಪಾಪ, ಒಳ್ಳೆಯ ಮನಸ್ಸಿನದು. ಸುತ್ತಿಕೊಂಡು ಮುಂದೆ ಬಂದು ನಿಂತಿತು.

“ಪ್ರವೇಶವಿಲ್ಲ!” ಎಂದು ಅಣ್ಣ ಗುಡುಗಿದ.

ಹನಿ ಕ್ಷಮೆ ಕೇಳಿ, ತನ್ನ ಬಳಗವನ್ನೆಲ್ಲ ಕರೆದುಕೊಂಡು ಮತ್ತೆ ಆ ಸಂದಿಯಿಂದಲೇ ಒಳಗೆ ಹೋಯಿತು.

“ನೋಡಿದೆಯಾ? ಕಾವಲು ಅಂದರೆ ಹೀಗಿರಬೇಕು,” ಎಂದು ಅಣ್ಣ ಎದೆಯುಬ್ಬಿಸಿದ. ಅಷ್ಟರಲ್ಲಿ ಅವನ ಬೆನ್ನು ಕುತ್ತಿಗೆಯವರೆಗೂ ನೀಲಿಯಾಗಿತ್ತು.