ಬದಲಿ ಬಂದ ಅಜ್ಜನವರು

ಜೋಳದ ಹೊಲದ ಬದುವಿನ ಮೇಲೊಂದು ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ, ಒಳಗೆ ಒಂದು ಕಂಬಳಿ, ನೀರಿನ ಹರವಿ. ಪೂಜ್ಯ ಅಡಿವೆಜ್ಜನವರ ಮಠವೆಂದರೆ ಇಷ್ಟೇ. ಬಾಗಿಲು ಕೂಡ ಇರಲಿಲ್ಲ. “ಬಾಗಿಲಿದ್ದರ ಬಂದವರು ತಟ್ಟಬೇಕಾಗ್ತದ, ಅವರಿಗೆ ಸುಮ್ಮನ ತ್ರಾಸು” ಎನ್ನುತ್ತಿದ್ದರು ಆ ಮಹಾನುಭಾವರು.

ಒಂದು ಮುಂಜಾನೆ ಕಾಶವ್ವ ತನ್ನ ಗಂಡನನ್ನು ಅಲ್ಲಿಗೆ ಕರೆತಂದಳು. ಗಂಡ ಬಾಳೇಶ, ನಿವೃತ್ತ ಹವಾಲ್ದಾರ. ಹದಿನೇಳು ವರ್ಷ ಗಡಿ ಕಾಯ್ದ ಆಳು. ಕೈಕಾಲು ನೆಟ್ಟಗಿದ್ದವು, ಮೈಮೇಲೆ ಗಾಯದ ಗುರುತೂ ಇರಲಿಲ್ಲ. ಆದರೆ ಮದುವೆ ಮೆರವಣಿಗೆಯಲ್ಲಿ ಪಟಾಕಿ ಹಾರಿದರೆ ಗಟಾರದಲ್ಲಿ ಬೋರಲು ಬೀಳುತ್ತಿದ್ದ. ಊರು ನಕ್ಕಿತು. ನಗಲಿ ಬಿಡಿ, ಊರಿರುವುದೇ ಅದಕ್ಕೆ! ಆದರೆ ಒಮ್ಮೆ ನಿದ್ದೆಗಣ್ಣಿನಲ್ಲಿ ಶತ್ರುವೆಂದು ಕಾಶವ್ವನ ಕೊರಳನ್ನೇ ಹಿಡಿದುಬಿಟ್ಟ. ಮರುದಿನ ತಾನು ಮಲಗುವ ಹೊರಸನ್ನು ತಾನೇ ಹೊತ್ತು ದನದ ಕೊಟ್ಟಿಗೆಯಲ್ಲಿ ಹಾಕಿಕೊಂಡ. ಎರಡು ವರ್ಷವಾಗಿತ್ತು. ಆ ಹೊರಸು ಮತ್ತೆ ಮನೆಯೊಳಗೆ ಬರಬೇಕು. ಕಾಶವ್ವನ ಬೇಡಿಕೆ ಇಷ್ಟೇ.

ಬಾಳೇಶ ತಗಡಿಗೆ ಬೆನ್ನು ಕೊಟ್ಟು, ಹೊರಗಿನ ದಾರಿ ಕಾಣುವಂತೆ ನಿಂತ.

“ದವಾಖಾನಿ ಗುಳಿಗಿ ನಡದಾವರಿ ಅಜ್ಜಾರ. ಧ್ಯಾನಾನೂ ಮಾಡ್ರಿ ಅಂತ ಡಾಕ್ಟರು ಅಂದಾರ” ಎಂದಳು ಕಾಶವ್ವ. “ಇವರು ಕಣ್ಣು ಮುಚ್ಚಂಗಿಲ್ಲ.”

“ಕಣ್ಣು ಮುಚ್ಚಿದಾವ ಸತ್ತಾಂಗ” ಎಂದ ಬಾಳೇಶ. “ನಿಮ್ಮ ಧ್ಯಾನ ನಿಮಗಿರಲಿ ಅಜ್ಜಾರ. ಗುಂಡು ಬಂದರ ಮಂತ್ರ ತಡಿಯಂಗಿಲ್ಲ.”

“ಏನು ಮಾತಾಡ್ತೀರಿ, ದೊಡ್ಡವರ ಮುಂದ!” ಎಂದು ಕಾಶವ್ವ ಗದರಿದಳು.

ಅಜ್ಜನವರು ಮಾತ್ರ ಬೊಚ್ಚುಬಾಯಿ ಅಗಲಿಸಿ ನಕ್ಕರು. “ಖರೇ ಐತಿ. ಗುಳಿಗಿ ಬಿಡಬ್ಯಾಡ, ಕಣ್ಣೂ ಮುಚ್ಚಬ್ಯಾಡ. ಕಣ್ಣು ನಾ ಮುಚ್ಚತೇನಿ, ನೀ ಕಾಯಿ. ಆದರ ಒಂದು. ನಿನ್ನ ಮೂಗಿನಾಗೂ ಒಂದು ಬಾಗಿಲ ಐತಿ. ಒಳಗ ಬರೋ ಉಸಿರು, ಹೊರಗ ಹೋಗೋ ಉಸಿರು, ಎರಡನ್ನೂ ನೋಡಕೋತ ಕಾಯಬೇಕು. ಒಂದೂ ನಿನ್ನ ಕಣ್ಣು ತಪ್ಪಿಸಿ ಹೋಗಬಾರದು.”

ಪಹರೆಯ ಕೆಲಸವೆಂದ ಮೇಲೆ ಹವಾಲ್ದಾರ ಇಲ್ಲವೆಂದಾನೆಯೇ? ಅವನ ಎಚ್ಚರವನ್ನು ಊರೆಲ್ಲ ರೋಗವೆಂದಿತ್ತು; ಇವರೊಬ್ಬರು ಅದಕ್ಕೆ ಕೆಲಸ ಕೊಟ್ಟಿದ್ದರು. ದಿನಾ ಬೆಳಕು ಹರಿಯುವಾಗ ಬಂದು ನಿಲ್ಲತೊಡಗಿದ. ಅಜ್ಜನವರು ಕಣ್ಣು ಮುಚ್ಚಿ ಕೂಡುವರು, ಇವನು ಹೊಲವನ್ನೂ ಉಸಿರನ್ನೂ ಕಾಯುವನು. ಮೊದಲು ನಾಲ್ಕು ಉಸಿರಿಗೇ ಮನಸ್ಸು ಗಡಿಯ ಹಿಮಶಿಖರ ಹತ್ತಿಬಿಡುತ್ತಿತ್ತು. ಅದನ್ನು ಕರೆತಂದು ಮತ್ತೆ ನಿಲ್ಲಿಸುತ್ತಿದ್ದ. ಇಪ್ಪತ್ತು ದಿನದಲ್ಲಿ ಎದೆಯ ಬಡಿತ ತುಸು ಇಳಿಯಿತು. ಕೂಡು ಎಂದರೆ ಮಾತ್ರ ಕೂಡಲೊಲ್ಲ.

“ಯಾಕೋ ಮಗನ?” ಎಂದು ಒಂದು ದಿನ ಅಜ್ಜನವರು ಕೇಳಿದರು.

ಬಾಳೇಶ ದಾರಿಯ ಮೇಲಿನ ಕಣ್ಣು ಕೀಳಲಿಲ್ಲ. ಆಮೇಲೆ, ಹೆಂಡತಿಗೂ ಹೇಳದ ಮಾತು ಹೊರಬಿತ್ತು. “ಹಿಮದ ಪೋಸ್ಟಿನಾಗ ಎರಡು ತಾಸಿನ ಪಹರೆ ನಂದು. ಬದಲಿ ಬರಬೇಕಾದಾವ ಸಾವಂತ. ಹಾದ್ಯಾಗ ತೋಪಿನ ಶೆಲ್ ಬಿತ್ತು, ನನ್ನ ಕಣ್ಣೆದುರಿಗೇ ಹೋದ. ಮರುದಿನ ಮಧ್ಯಾಹ್ನದ ತನಕ ನಿಂತೇ ಇದ್ದೆ. ಕಡೀಕ ಯಾರೋ ಎಳಕೊಂಡು ಹೋದರು. ಬದಲಿ ಬರಲಿಲ್ಲರಿ ಅಜ್ಜಾರ. ಬದಲಿ ಬಾರದ ಪಹರೆ ಬಿಡಂಗಿಲ್ಲ.”

ಎಂಬತ್ತು ದಾಟಿದ ಆ ಪುಣ್ಯಪುರುಷರು ನೆಲಕ್ಕೆ ಕೈಯೂರಿ ಎದ್ದರು. ಕಂಬಳಿ ಹೊದ್ದರು. ಊರುಗೋಲನ್ನು ಬಂದೂಕಿನಂತೆ ಹೆಗಲಿಗಿಟ್ಟು ಅವನೆದುರು ಬಂದು ನಿಂತರು.

“ಎಡಗಡೆ ಹೆಗಲರಿ, ಅಜ್ಜಾರ” ಎಂದ ಬಾಳೇಶ, ಅಭ್ಯಾಸಬಲದಿಂದ.

ಅಜ್ಜನವರು ವಿಧೇಯರಾಗಿ ಕೋಲನ್ನು ಎಡಕ್ಕೆ ಬದಲಿಸಿದರು. “ಬಾಳೇಶಾ, ಸಾವಂತನ ಜಾಗಾಕ್ಕ ನಾ ಬಂದೇನಿ. ನಿನ್ನ ಪಹರೆ ಮುಗೀತು.”

ಹವಾಲ್ದಾರ ಸೆಟೆದು ನಿಂತ. ಪಹರೆ ಒಪ್ಪಿಸುವವನು ವರದಿ ಹೇಳಬೇಕಲ್ಲ! “ಪೋಸ್ಟ್ ಸುರಕ್ಷಿತ ಐತರಿ. ಒಬ್ಬಾವ...” ಎಂದವನು ಹಾದಿಯತ್ತ ನೋಡಿದ. “ಒಬ್ಬಾವ ಕಡಿಮಿ.” ಅಲ್ಲೇ ಕುಸಿದ. ಮಗುವಿನಂತೆ ಅತ್ತ. ಅತ್ತು ಅತ್ತು, ಅಜ್ಜನವರ ಬೆಚ್ಚಗಿನ ಜಾಗದಲ್ಲೇ ಕುಳಿತು ಕಣ್ಣು ಮುಚ್ಚಿದ. ಉಸಿರು ತಾನಾಗಿ ಬಂತು, ತಾನಾಗಿ ಹೋಯಿತು.

ಹೊತ್ತೇರಿದ ಮೇಲೆ ಬುತ್ತಿ ತಂದ ಕಾಶವ್ವ ಕಂಡದ್ದೇನು? ಗಂಡ ತಗಡಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಾನೆ. ಬಿಸಿಲಿನಲ್ಲಿ ಕೋಲು ಹೆಗಲಿಗಿಟ್ಟು ಅಜ್ಜನವರು ನಿಂತೇ ಇದ್ದಾರೆ, ಕಾಲು ನಡುಗುತ್ತಿವೆ. ಅವಳು ಬಾಯಿ ತೆರೆಯುವ ಮೊದಲೇ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರು: “ಸದ್ದು ಮಾಡಬ್ಯಾಡ ತಾಯಿ. ನಾ ಪಹರೆದಾಗ ಅದೀನಿ.”

ಒಂದೇ ದಿನಕ್ಕೆ ಎಲ್ಲ ವಾಸಿಯಾಯಿತೆಂದರೆ ಸುಳ್ಳಾದೀತು. ಪಟಾಕಿಗೆ ಅವನು ಆಮೇಲೂ ಬೆಚ್ಚುತ್ತಿದ್ದ. ಬೆಚ್ಚಿ, ಉಸಿರಿನ ಜಾಡು ಹಿಡಿದು ಮರಳುತ್ತಿದ್ದ. ಹೊರಸು ಯುಗಾದಿಗೆ ಕೊಟ್ಟಿಗೆಯಿಂದ ಪಡಸಾಲೆಗೆ ಬಂತು, ದಸರೆಗೆ ಒಳಮನೆಯ ಹೊಸ್ತಿಲು ದಾಟಿತು.

ಅಜ್ಜನವರು ಲಿಂಗೈಕ್ಯರಾದ ಮೇಲೂ ಆ ಚಪ್ಪರಕ್ಕೆ ಬಾಗಿಲಿಟ್ಟಿಲ್ಲ. ಕಣ್ಣು ಮುಚ್ಚಲು ಅಂಜುವ ಸೈನಿಕರು ಎಲ್ಲೆಲ್ಲಿಂದಲೋ ಬರುತ್ತಾರೆ. ಅಲ್ಲಿ ನರೆತ ಮೀಸೆಯ ಒಬ್ಬರು ಊರುಗೋಲನ್ನು ಎಡ ಹೆಗಲಿಗಿಟ್ಟು ಎದುರಾಗುತ್ತಾರೆ. “ಬದಲಿ ಬಂದೇನಿ ತಮ್ಮಾ,” ಎನ್ನುತ್ತಾರೆ ಬಾಳೇಶಪ್ಪನವರು, “ನೀ ಇನ್ನ ಕೂಡು.”