ನೀಲಿ ದಾರದ ಬೀಗದ ಕೈ

ಈ ಕತೆಯನ್ನು ಮೊದಲು ಹೇಳಿದವರು ಸಾವಂತ್ರಮ್ಮ ಮೇಡಂ. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯಾಗಿದ್ದ ಅವರು ನಿವೃತ್ತರಾಗುವ ದಿನ, ತಮ್ಮ ಜಾಗಕ್ಕೆ ಬಂದ ಶಿಷ್ಯೆ ಚೂಡಾಮಣಿಗೆ ಚಾರ್ಜ್ ವಹಿಸಿಕೊಡುತ್ತಿದ್ದರು. ರಿಜಿಸ್ಟರುಗಳಾದವು, ಬೀರುಗಳಾದವು. ಕೊನೆಗೆ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲಿಟ್ಟರು. ಚೂಡಾಮಣಿ ಅದನ್ನು ಎತ್ತಿಕೊಂಡು ಕೇಳಿದಳು:

“ಮೇಡಂ, ಏಳನೇ ಕ್ಲಾಸಿಗೆ ಹಕ್ಕುಗಳ ಪಾಠ ಇದೆ. ಬಾಯಿಪಾಠ ಮಾಡಿಸಿದರೆ ಸಾಕಾ, ಬಿಡಿಸಿ ಹೇಳಬೇಕಾ? ಬಿಡಿಸಿ ಹೇಳಿದರೆ ನಾಳೆಯಿಂದಲೇ ಎದುರು ಮಾತು ಶುರು. ಆಮೇಲೆ ಶಿಸ್ತು ಎಲ್ಲಿಂದ ತರೋಣ?”

“ಕೂತ್ಕೊಳ್ಳಮ್ಮ” ಎಂದರು ಸಾವಂತ್ರಮ್ಮ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುಖ್ಯ ಶಿಕ್ಷಕಿ ಇದ್ದಳು. ಕೆಟ್ಟವಳಲ್ಲ. ರಜೆಯಲ್ಲೂ ಬಂದು ಶಾಲೆಯ ಗಿಡಗಳಿಗೆ ನೀರು ಹಾಕುವವಳು. ಕಚೇರಿಯಿಂದ ಕಚೇರಿಗೆ ಅಲೆದು ಹೆಣ್ಣುಮಕ್ಕಳಿಗೊಂದು ಶೌಚಾಲಯ ಕಟ್ಟಿಸಿದಳು. ಬಿಳಿ ಟೈಲ್ಸು, ನಲ್ಲಿ, ಒಳಗಿನಿಂದ ಚಿಲಕ. ಅದನ್ನು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರು ನೋಡುವವರೆಗೆ ಕೊಳೆಯಾಗಬಾರದೆಂದು ಬೀಗ ಹಾಕಿಸಿದಳು. ಅದರ ಬೀಗದ ಕೈ ಗೊಂಚಲಿನಲ್ಲಿ ಥಟ್ಟನೆ ಸಿಗಲೆಂದು ನೀಲಿ ದಾರ ಕಟ್ಟಿದಳು.

ಸಾಹೇಬರು ಈ ವಾರ ಎಂದರು, ಮುಂದಿನ ವಾರ ಎಂದರು. ಮಳೆಗಾಲ ಕಳೆಯಿತು. ಹೆಣ್ಣುಮಕ್ಕಳು ಬೇಲಿಯ ಹಿಂದೆ ಹೋಗುತ್ತಿದ್ದರು. ನಾಚಿಕೆಯವರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ.

ಆ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ದಿನಾ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವವಳು ಅವಳೇ. ಅವಳ ದನಿ ರಸ್ತೆಯಾಚೆಯ ಹಿಟ್ಟಿನ ಗಿರಣಿಯವರೆಗೂ ಕೇಳುತ್ತಿತ್ತು. ಒಂದು ದಿನ ಸಮಾನತೆ ಎಂಬಲ್ಲಿಗೆ ಬಂದು ನಿಲ್ಲಿಸಿದಳು.

“ಟೀಚರ್, ಹುಡುಗರದ್ದಕ್ಕೆ ಬೀಗ ಇಲ್ಲ. ನಮ್ಮದಕ್ಕೆ ಮಾತ್ರ ಯಾಕೆ?”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

“ಇದು ಪ್ರಾರ್ಥನೆ ಕಣೆ, ಪಂಚಾಯಿತಿ ಕಟ್ಟೆ ಅಲ್ಲ. ಬಂದುಬಿಟ್ಟಳು ದೊಡ್ಡ ಲಾಯರಮ್ಮ! ಬಿಟ್ಟ ಕಡೆಯಿಂದ ಓದು” ಎಂದು ಗದರಿದಳು ಮುಖ್ಯ ಶಿಕ್ಷಕಿ.

ಹುಡುಗಿ ಬಿಟ್ಟ ಕಡೆಯಿಂದ ಓದಿದಳು. ಮಾರನೆಯ ದಿನದಿಂದ ಆ ಕೆಲಸ ಒಬ್ಬ ಹುಡುಗನಿಗೆ ಹೋಯಿತು. ಅವನು ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ. ಹುಡುಗಿಗೆ ಲಾಯರಮ್ಮ ಎಂಬ ಹೆಸರು ಮಾತ್ರ ಉಳಿಯಿತು.

ಆ ತಿಂಗಳು ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಮುಂದಿನ ತಿಂಗಳು ಐದು ದಿನ. ಆಮೇಲೆ ಬರಲೇ ಇಲ್ಲ. ಜ್ವರವಿರಬೇಕು ಎಂದುಕೊಂಡಳು ಮುಖ್ಯ ಶಿಕ್ಷಕಿ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಕೊನೆಗೊಂದು ದಿನ ಸಾಹೇಬರು ಬಂದರು. ನೀಲಿ ದಾರದ ಬೀಗದ ಕೈಯಿಂದ ಬಾಗಿಲು ತೆರೆಯಿತು.

“ಭೇಷ್! ಯಾರೂ ಕಾಲಿಟ್ಟ ಹಾಗೇ ಇಲ್ಲವಲ್ಲ!” ಎಂದು ಮೆಚ್ಚಿ, ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು.

ಮುಖ್ಯ ಶಿಕ್ಷಕಿ ಕೈಮುಗಿದಳು. ಜೀಪು ಹೋದ ಮೇಲೂ ಆ ಮಾತು ಅವಳ ಕಿವಿಯಿಂದ ಹೋಗಲಿಲ್ಲ. ಬೀಗವನ್ನು ಮತ್ತೆ ಹಾಕಲು ಕೈ ಬರಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡು ಹುಡುಗಿಯ ಮನೆಗೆ ನಡೆದಳು.

ಹುಡುಗಿ ಜಗಲಿಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ತಾಯಿ ಎದ್ದು ಚಾಪೆ ಹಾಸಿದಳು.

“ಬೀಗ ತೆಗೆದಿದ್ದೀನಮ್ಮ. ಮಗಳನ್ನ ಕಳಿಸು.”

“ದೊಡ್ಡವಳಾದಳು ಟೀಚರ್. ಬೇಲಿ ಹಿಂದೆ ಹೋಗು ಅಂತ ಹೇಳೋಕೆ ನನಗೇ ಬಾಯಿ ಬರಲಿಲ್ಲ. ನಾಲ್ಕು ದಿನ ಮನೇಲಿರು ಅಂದೆ. ನೋಡ್ತಾ ನೋಡ್ತಾ ಅವರಪ್ಪ, ಓದಿದ್ದು ಸಾಕು ಅಂದುಬಿಟ್ಟರು.”

ಮುಖ್ಯ ಶಿಕ್ಷಕಿ ಹುಡುಗಿಯ ಕಡೆ ತಿರುಗಿದಳು. “ನಾಳೆ ಬಾ. ಪೀಠಿಕೆ ನೀನೇ ಓದಿಸುವೆಯಂತೆ.”

ಹುಡುಗಿ ಕಡ್ಡಿಯಿಂದ ಕಣ್ಣೆತ್ತಲಿಲ್ಲ.

“ಮರೆತುಹೋಗಿದೆ ಟೀಚರ್” ಎಂದಳು. ಮಗ್ಗುಲಲ್ಲಿ ಕೂತ ತಾಯಿಗೂ ಅದು ಸರಿಯಾಗಿ ಕೇಳಿಸಲಿಲ್ಲ.

ಮುಖ್ಯ ಶಿಕ್ಷಕಿ ಮತ್ತೆ ಎಷ್ಟೋ ಸಲ ಆ ಮನೆಗೆ ಹೋದಳು. ಹುಡುಗಿ ಮಾತ್ರ ಶಾಲೆಗೆ ಬರಲಿಲ್ಲ. ಕೊನೆಯ ಸಲ ಹೋಗಿ ಬರುವಾಗ, ಚೀಲದಲ್ಲೇ ಉಳಿದಿದ್ದ ಬೀಗವನ್ನು ದಾರಿಯ ಹಾಳುಬಾವಿಗೆ ಎಸೆದಳು.

ಸಾವಂತ್ರಮ್ಮ ಕತೆ ನಿಲ್ಲಿಸಿದರು.

“ಅಯ್ಯೋ ಪಾಪ. ಎಂಥ ಹೆಂಗಸು ಮೇಡಂ ಅವಳು!” ಎಂದಳು ಚೂಡಾಮಣಿ. “ಯಾವ ಊರಿನವಳು?”

ಸಾವಂತ್ರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ನಿನ್ನ ಕೈಲಿರೋ ಗೊಂಚಲಿನಲ್ಲಿ ನೀಲಿ ದಾರ ಕಟ್ಟಿದ ಕೈಗೆ ಬೀಗ ಇಲ್ಲಮ್ಮ. ಮುಂದೆ ಬರುವವಳಿಗೆ ಅದನ್ನು ಒಪ್ಪಿಸುವ ದಿನ ಈ ಕತೆಯನ್ನೂ ಒಪ್ಪಿಸು.”